ಟ್ರಿಪ್, ಜುಮ್, ಸುಟ್ಟ ವಾಸನೆ: ಬೇಸಿಗೆಯಲ್ಲಿ ಮನೆಯ ಕರೆಂಟ್ ತೊಂದರೆ ಪತ್ತೆ ಹಚ್ಚುವುದು ಹೇಗೆ

ಏಪ್ರಿಲ್ ಬಂತೆಂದರೆ ಮುಂಬೈ ಸುತ್ತಿನ ಡೊಂಬಿವಿಲಿ, ಮುಲುಂಡ್, ಠಾಣೆ ಕಡೆಯ ನಮ್ಮವರ ಮನೆಗಳಲ್ಲಿ ಒಂದೇ ಬಗೆಯ ದೂರು. ರಾತ್ರಿ ಎಸಿ ಹಾಕಿದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬೀಳುತ್ತದೆ, ಅಂದರೆ ಟ್ರಿಪ್ ಆಗುತ್ತದೆ. ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆ. ಎಲ್ಲಿಂದಲೋ ಸುಟ್ಟ ವಾಸನೆ ಬರುತ್ತದೆ. ಇವು ಬೇಸಿಗೆಯಲ್ಲೇ ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಫ್ಯಾನು, ಎಸಿ, ಫ್ರಿಜ್ ಎಲ್ಲವೂ ಬಿಡುವಿಲ್ಲದೆ ಓಡುತ್ತವೆ, ವೈರುಗಳಲ್ಲಿ ಹರಿಯುವ ಕರೆಂಟ್ ಹೆಚ್ಚುತ್ತದೆ. ಗೋಡೆಯೇ ಕಾದಿರುವಾಗ ಒಳಗಿನ ವೈರ್ ತಣ್ಣಗಾಗುವುದು ಕಷ್ಟ. ಸಮುದ್ರದ ಉಪ್ಪು ಗಾಳಿಗೆ ತಾಮ್ರದ ತುದಿಗಳು ಹಸಿರುಗಟ್ಟಿ ಸಡಿಲಾಗುತ್ತವೆ. ಇನ್ನು ಬೆವರಿದ ಮೈಯಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ಹಾಗಾಗಿ ಜನವರಿಯಲ್ಲಿ ಸಣ್ಣದಾಗಿ ಚುರುಕ್ ಅಂದಿದ್ದು ಮೇ ತಿಂಗಳಲ್ಲಿ ದೊಡ್ಡ ಹೊಡೆತವೇ ಆಗಬಹುದು.

ನಿಮಗೆ ಕಂಡ ಲಕ್ಷಣದ ಕೆಳಗೆ ನೋಡಿ. ದುಡ್ಡು ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಹೇಳಿದ್ದೇನೆ.

ಕೈ ಹಾಕುವ ಮೊದಲು

ಕೈ ಒಣಗಿರಲಿ, ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ, ನೆಲ ಒದ್ದೆ ಇರಬಾರದು. ಮನೆಯ ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು, ಅಜ್ಜಿಗೂ, ಹತ್ತು ವರ್ಷದ ಮಗುವಿಗೂ. ಇಲ್ಲಿನ ಫ್ಲ್ಯಾಟ್‌ಗಳಲ್ಲಿ ಒಂದು ಮೇನ್ ಮನೆಯ ಎಂಸಿಬಿಗಳಿರುವ ಡಿಬಿ ಬಾಕ್ಸ್‌ನಲ್ಲಿ, ಇನ್ನೊಂದು ಕೆಳಗೆ ಮೀಟರ್ ರೂಮಿನಲ್ಲಿ ಇರುತ್ತದೆ. ಆ ರೂಮಿನ ಕೀಲಿ ಯಾರ ಹತ್ತಿರ ಇದೆ ಎಂದು ವಾಚ್‌ಮನ್‌ನ ಕೇಳಿ ಇಟ್ಟುಕೊಳ್ಳಿ. ಮೀಟರ್ ರೂಮಿನಲ್ಲಿ ಹಳೆ ಸೈಕಲ್, ಗಣಪತಿ ಮಂಟಪದ ಥರ್ಮಾಕೋಲ್ ತುಂಬಿಟ್ಟಿದ್ದರೆ ಸೊಸೈಟಿ ಮೀಟಿಂಗಿನಲ್ಲಿ ಎತ್ತಿ ಹೇಳಿ, ಬಿಡಬೇಡಿ.

ಟೆಸ್ಟರ್ ಬಳಸುವವರು ಮೊದಲು ಅದನ್ನು ಕರೆಂಟ್ ಇರುವ ಪಾಯಿಂಟ್‌ನಲ್ಲಿ ಇಟ್ಟು ದೀಪ ಹತ್ತುತ್ತದೆಯೇ ನೋಡಿ. ಟೆಸ್ಟರ್ ಹತ್ತಿದರೆ ಎಚ್ಚರ. ಆದರೆ ಅದು ಹತ್ತಲಿಲ್ಲ ಎಂಬುದರಿಂದಲೇ ಕರೆಂಟ್ ಇಲ್ಲವೆಂದು ನಂಬಬೇಡಿ.

ನೋಡುವುದು, ಮೂಸುವುದು, ಸ್ವಿಚ್ ಆರಿಸುವುದು, ಪ್ಲಗ್ ಕೀಳುವುದು, ಇಷ್ಟೇ ನಮ್ಮ ಕೆಲಸ. ಬೋರ್ಡಿನ ಸ್ಕ್ರೂ ಬಿಚ್ಚುವುದು ವೈರ್‌ಮನ್ ಕೆಲಸ.

ಎಂಸಿಬಿ ಪದೇ ಪದೇ ಬೀಳುತ್ತಿದೆ

ಎಷ್ಟು ಹೊತ್ತಿಗೆ ಬೀಳುತ್ತದೆ ಎನ್ನುವುದನ್ನು ಗಮನಿಸಿ. ಅರ್ಧ ಉತ್ತರ ಅಲ್ಲೇ ಇದೆ.

ಇಪ್ಪತ್ತು ನಿಮಿಷ, ಅರ್ಧ ಗಂಟೆ ಸರಿಯಾಗಿ ನಡೆದು ಆಮೇಲೆ ಬಿದ್ದರೆ ಸಾಮಾನ್ಯವಾಗಿ ಲೋಡ್ ಜಾಸ್ತಿ ಆಗಿದೆ ಎಂದರ್ಥ. ಲೆಕ್ಕ ಸುಲಭ. ಸಾಮಾನಿನ ಮೇಲೆ ಬರೆದ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವ್ಯಾಟಿನ ಗೀಸರ್ ಎಂದರೆ ಸುಮಾರು 8.7 ಆಂಪಿಯರ್. ಒಂದೂವರೆ ಟನ್ ಎಸಿ ಸುಮಾರು 7. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್ ಇದ್ದರೆ 4.3. ಈ ಮೂರೂ ಒಂದೇ 16 ಆಂಪಿಯರ್ ಲೈನಿನಲ್ಲಿದ್ದರೆ ಮೊತ್ತ 20 ಆಯಿತು, ಅಲ್ವಾ? ಎಂಸಿಬಿಗಳ ಲೆಕ್ಕ 30 ಡಿಗ್ರಿ ಬಿಸಿಯನ್ನು ಹಿಡಿದು ಮಾಡಿದ್ದು. ಬಾಗಿಲು ಮುಚ್ಚಿದ ಡಿಬಿ ಬಾಕ್ಸ್ ಒಳಗೆ ಮೇ ತಿಂಗಳ ಮಧ್ಯಾಹ್ನ ಅದಕ್ಕಿಂತ ಬಿಸಿ ಇರುತ್ತದೆ, ಆದ್ದರಿಂದ ಇನ್ನೂ ಸ್ವಲ್ಪ ಬೇಗ ಬೀಳುತ್ತದೆ. ಪರಿಹಾರಕ್ಕೆ ಖರ್ಚಿಲ್ಲ: ಎಸಿ ಓಡುವಾಗ ಇಸ್ತ್ರಿ, ಗೀಸರ್ ಹಾಕಬೇಡಿ. ಒಂದು ವಾರ ಹೀಗೆ ಮಾಡಿ ನೋಡಿ. ಬೀಳುವುದು ನಿಂತರೆ ಕಾರಣ ಸಿಕ್ಕಿತು. ಎಸಿಗೆ ಪ್ರತ್ಯೇಕ ಲೈನ್ ಎಳೆಸಿ.

ಮೇಲೆತ್ತಿದ ಕೂಡಲೇ ಟಕ್ ಅಂತ ಬಿದ್ದರೆ ಅದು ಸಾಮಾನ್ಯವಾಗಿ ಶಾರ್ಟ್ ಸರ್ಕ್ಯೂಟ್. ಆ ಲೈನಿನ ಎಲ್ಲ ಸ್ವಿಚ್ ಆರಿಸಿ, ಎಲ್ಲ ಪ್ಲಗ್ ಕಿತ್ತು, ಎಂಸಿಬಿಯ ಕಡ್ಡಿಯನ್ನು ಪೂರ್ತಿ ಕೆಳಗೆ ಒತ್ತಿ ಒಂದೇ ಸಲ ಮೇಲೆತ್ತಿ. ನಿಂತಿತೆ? ಹಾಗಾದರೆ ವೈರಿಂಗ್ ಸರಿ ಇರಬಹುದು, ತಪ್ಪು ಯಾವುದೋ ಸಾಮಾನಿನಲ್ಲಿದೆ. ಒಂದೊಂದೇ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಎಲ್ಲ ಕಿತ್ತ ಮೇಲೂ ಬೀಳುತ್ತಿದ್ದರೆ ಗೋಡೆಯೊಳಗೆ ತೊಂದರೆ ಇದೆ. ಅಲ್ಲಿಗೆ ನಿಲ್ಲಿಸಿ, ವೈರ್‌ಮನ್ ಬರುವ ತನಕ ಆ ಎಂಸಿಬಿ ಕೆಳಗೇ ಇರಲಿ. ಮತ್ತೆ ಮತ್ತೆ ಎತ್ತಿದರೆ ಪ್ರತಿ ಸಲವೂ ಆ ಜಾಗ ಇನ್ನಷ್ಟು ಸುಡುತ್ತದೆ.

ಎಸಿಯ ಕಂಪ್ರೆಸರ್ ಶುರುವಾಗುವ ಹೊತ್ತಿಗೇ ಬಿದ್ದರೆ ಎಸಿ ಮೆಕ್ಯಾನಿಕ್‌ನ ಕರೆಯಿರಿ. ಕೆಪಾಸಿಟರ್ (ಮೋಟರ್ ಶುರುವಾಗಲು ನೆರವಾಗುವ ಸಣ್ಣ ಭಾಗ) ಹೋಗಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು, ಕಂಪ್ರೆಸರ್ ಜಾಮ್ ಆಗಿರಬಹುದು.

ಈಗ ಜೋರಾಗಿ ಹೇಳಬೇಕಾದ ಮಾತು. “16ರದ್ದು ತೆಗೆದು 32 ಹಾಕಿಬಿಡಿ, ಬೀಳುವುದೇ ಇಲ್ಲ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೀಳುವುದಿಲ್ಲ ನಿಜ, ಆದರೆ ಎಂಸಿಬಿ ಬೀಳುವ ಬದಲು ಗೋಡೆಯೊಳಗಿನ ವೈರ್ ಬಿಸಿಯಾಗುತ್ತದೆ. ಲೈಟಿಗೆ ಎಳೆದ 1.5 ಸ್ಕ್ವೇರ್ ಎಂಎಂ ವೈರಿನ ಮೇಲೆ ಎಸಿ ನಡೆಸುವ ಮನೆಗಳಿವೆ. ಎಸಿಗೆ ಸಾಮಾನ್ಯವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಯುತ್ತಾರೆ. ಹಳೆ ಚಾಳ್‌ಗಳಲ್ಲಿ (ಸಾಲು ಕೋಣೆಗಳ ಕಟ್ಟಡಗಳಲ್ಲಿ) ಇನ್ನೂ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇದೆ. ಅದು ಪದೇ ಪದೇ ಸುಟ್ಟಿತೆಂದು ದಪ್ಪ ತಾಮ್ರದ ಎಳೆ ಕಟ್ಟುವುದೂ ಇದೇ ತಪ್ಪು.

ಹೊಸ ಎಸಿ ತಂದವರು ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಒಂದು ಕಿಲೋವ್ಯಾಟ್ ಎಂದಿದ್ದು ನೀವು ಎರಡು ಎಸಿ ನಡೆಸುತ್ತಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ.

ಆರ್‌ಸಿಸಿಬಿ ಬೀಳುತ್ತಿದೆ, ಅಥವಾ ಆರ್‌ಸಿಸಿಬಿಯೇ ಇಲ್ಲ

ಡಿಬಿ ಬಾಕ್ಸ್‌ನಲ್ಲಿ ‘ಟಿ’ ಎಂದು ಬರೆದ ಸಣ್ಣ ಬಟನ್ ಇರುವ ಅಗಲದ ಸ್ವಿಚ್ ಇದ್ದರೆ ಅದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುತ್ತಾರೆ. ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಎಲ್ಲೋ ಸೋರುತ್ತಿದ್ದರೆ ಇದು ಬೀಳುತ್ತದೆ. ಆ ಸೋರಿಕೆ ಮನುಷ್ಯನ ಮೈ ಮೂಲಕವೂ ಆಗಿರಬಹುದು.

ಹುಡುಕುವ ಕ್ರಮ ಎಂಸಿಬಿಯದೇ, ಒಂದು ವ್ಯತ್ಯಾಸ ಇದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಲೇಬೇಕು. ಗೋಡೆಯ ಸ್ವಿಚ್ ಫೇಸ್ (ಕರೆಂಟ್ ತರುವ ವೈರ್) ಮಾತ್ರ ಕಡಿಯುತ್ತದೆ, ನ್ಯೂಟ್ರಲ್ (ಅದನ್ನು ವಾಪಸ್ ಒಯ್ಯುವ ವೈರ್) ಸೇರಿಕೊಂಡೇ ಇರುತ್ತದೆ, ಅದರಿಂದಲೂ ಸೋರಬಹುದು. ಮೊದಲು ಅನುಮಾನಿಸಬೇಕಾದ್ದು ಗೀಸರ್, ಆಮೇಲೆ ವಾಷಿಂಗ್ ಮಷೀನ್, ಕೂಲರಿನ ಪಂಪ್, ಹಳೆ ಫ್ರಿಜ್, ಎಸಿಯ ಹೊರಗಿನ ಯೂನಿಟ್. ಎಲ್ಲ ಕಿತ್ತ ಮೇಲೂ ಬಿದ್ದರೆ ವೈರ್‌ಮನ್ ಬೇಕು. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ “ಸದ್ಯಕ್ಕೆ ನಡೀತದೆ” ಅನ್ನುವವರನ್ನು ಮನೆಯಿಂದ ಕಳಿಸಿ.

ಹಳೆ ಬಿಲ್ಡಿಂಗ್‌ಗಳ ಹೆಚ್ಚಿನ ಮನೆಗಳಲ್ಲಿ ಆರ್‌ಸಿಸಿಬಿ ಇಲ್ಲ. “ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಬೀಳುತ್ತದೆ” ಎಂಬ ನಂಬಿಕೆ ಮಾತ್ರ ಎಲ್ಲ ಕಡೆ ಇದೆ. ಅದು ಬೀಳುವುದಿಲ್ಲ. ಎಂಸಿಬಿ ಇರುವುದು ವೈರನ್ನು ಕಾಪಾಡಲು. 16 ಆಂಪಿಯರಿನ ಎಂಸಿಬಿಗೆ 16,000 ಮಿಲಿ ಆಂಪಿಯರ್ ಹರಿದರೂ ಅದು ಮಾಮೂಲಿ ಲೋಡ್. ಮನುಷ್ಯನಿಗೆ ಕೆಲವು ಹತ್ತು ಮಿಲಿ ಆಂಪಿಯರ್ ಎದೆಯ ಮೂಲಕ ಹರಿದರೆ ಜೀವಕ್ಕೇ ಅಪಾಯ. ಆದ್ದರಿಂದಲೇ ಜನರನ್ನು ಕಾಯುವ ಆರ್‌ಸಿಸಿಬಿ 30 ಮಿಲಿ ಆಂಪಿಯರಿನದ್ದು. ಅಂಗಡಿಯಲ್ಲಿ 100, 300ರದ್ದೂ ಸಿಗುತ್ತವೆ, ಅವು ಬೆಂಕಿ ತಡೆಯಲು ಸರಿ, ಮೈಗೆ ರಕ್ಷಣೆಯಾಗಿ ಸಾಲವು. ಈ ಬೇಸಿಗೆಯಲ್ಲಿ ಮನೆಗೆ ಒಂದೇ ಖರ್ಚು ಮಾಡುವುದಾದರೆ, ಹೊಸ ಫ್ಯಾನಿಗಿಂತ, ಸ್ಟೆಬಿಲೈಸರಿಗಿಂತ ಮೊದಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಕೊಡದಿದ್ದರೆ ನೀವೇ ಹಾಕಿಸಿ. ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಮಕ್ಕಳಿರುವಾಗ ಇದರ ಬೆಲೆ ಗೊತ್ತಾಗಬಾರದು.

ತಿಂಗಳಿಗೊಮ್ಮೆ ಟಿ ಬಟನ್ ಒತ್ತಿ. ಬಿದ್ದರೆ ಸರಿ. ಬೀಳದಿದ್ದರೆ ಬದಲಿಸಿ.

ಮುಟ್ಟಿದರೆ ಜುಮ್ ಅನ್ನುತ್ತದೆ

ಮುಲುಂಡಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಫ್ರಿಜ್ ಮುಂದೆ ಒಂದು ಜೊತೆ ರಬ್ಬರ್ ಚಪ್ಪಲಿ ಯಾವಾಗಲೂ ಇರುತ್ತಿತ್ತು. ನೀರು ತೆಗೆಯಲು ಹೋದರೆ ಒಳಗಿನಿಂದಲೇ ಕೂಗುತ್ತಿದ್ದರು, “ಚಪ್ಪಲಿ ಹಾಕ್ಕೋ ಮಾರಾಯ, ಜುಮ್ ಅನ್ನುತ್ತೆ.” ಮನೆಯವರೆಲ್ಲ ಅದಕ್ಕೆ ಒಗ್ಗಿಹೋಗಿದ್ದರು. ವೈರ್‌ಮನ್ ಬಂದು ಬೋರ್ಡ್ ಬಿಚ್ಚಿದಾಗ ಕಂಡಿದ್ದು ಇಷ್ಟು: ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗಿನ ಹಸಿರು ವೈರ್ ಗೋಡೆಯಿಂದ ಬಂದಿದೆ, ಆದರೆ ಅದರ ತುದಿಯನ್ನು ಸುರುಳಿ ಸುತ್ತಿ, ಟೇಪ್ ಹಾಕಿ, ಬಾಕ್ಸಿನ ಮೂಲೆಗೆ ತುರುಕಿದ್ದಾರೆ. ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ. ಮೂರು ಪಿನ್ನಿನ ಪ್ಲಗ್ ಹಾಕಿದ್ದೇವೆ, ಅರ್ಥಿಂಗ್ ಇದೆ ಎಂದು ಎಲ್ಲರೂ ತಿಳಿದಿದ್ದರು. ತುದಿ ಕೆರೆದು ಸ್ಕ್ರೂಗೆ ಬಿಗಿದ ಮೇಲೆ ಜುಮ್ ನಿಂತಿತು.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಸಾಮಾನಿಗೆ ಮೂರು ಪಿನ್ ಇದೆಯೇ? ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೀರಾ? ಅರ್ಥ್ ಪಿನ್ ಮುರಿದಿದೆಯೇ? ಎರಡು ಪಿನ್ನಿನ ಪ್ಲಗ್ ತೂರಿಸಲು ಮೇಲಿನ ತೂತಿಗೆ ಪೆನ್ನು ಚುಚ್ಚುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಅದರಿಂದ ಸಾಕೆಟ್ ಒಳಗಿನ ಹಿಡಿತವೂ ಸಡಿಲಾಗುತ್ತದೆ, ಬಿಟ್ಟುಬಿಡಿ.

ಆಮೇಲೆ ಒಂದೇ ಸಾಮಾನೋ, ಎಲ್ಲವೋ ಎಂದು ಗಮನಿಸಿ. ಪರೀಕ್ಷೆಗೆಂದು ಕೈಯಿಂದ ಮುಟ್ಟಿ ನೋಡಬೇಡಿ, ಟೆಸ್ಟರ್ ಬಳಸಿ. ಒಂದೇ ಸಾಮಾನಾದರೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ, ರಿಪೇರಿ ಆಗುವವರೆಗೆ ಬಳಸಬೇಡಿ. ಕಂಪ್ಯೂಟರ್, ಲ್ಯಾಪ್‌ಟಾಪಿನ ಲೋಹದ ಮೈ ಸಣ್ಣದಾಗಿ ಚುಮುಚುಮು ಅನ್ನುವುದು ಬೇರೆ ವಿಷಯ. ಅವುಗಳ ಪವರ್ ಸಪ್ಲೈ ಒಳಗಿನ ಫಿಲ್ಟರಿನಿಂದ ತುಸು ಕರೆಂಟ್ ಮೈಗೆ ಬರುತ್ತದೆ, ಅರ್ಥಿಂಗ್ ಇದ್ದರೆ ಅದರಲ್ಲಿ ಹರಿದುಹೋಗುತ್ತದೆ. ಅದು ಜುಮ್ ಅಂದರೆ ಆ ಪಾಯಿಂಟಿಗೆ ಅರ್ಥಿಂಗ್ ಸಿಗುತ್ತಿಲ್ಲ ಎಂಬ ಸುಳಿವು. ಗ್ರೈಂಡರ್, ಗೀಸರ್, ಫ್ರಿಜ್ ಜುಮ್ ಅಂದರೆ ಹಾಗೆ ಹಗುರವಾಗಿ ತೆಗೆದುಕೊಳ್ಳಬೇಡಿ.

ನಲ್ಲಿ, ಶವರ್, ಕಿಟಕಿಯ ಗ್ರಿಲ್ ಎಲ್ಲೆಡೆ ಜುಮ್ ಅಂದರೆ ತಕ್ಷಣ ಮೇನ್ ಆರಿಸಿ, ನೀರು ಮುಟ್ಟಬೇಡಿ, ಅಕ್ಕಪಕ್ಕದವರಿಗೂ ಹೇಳಿ. ತೊಂದರೆ ಪಕ್ಕದ ಫ್ಲ್ಯಾಟಿನಿಂದಲೂ ಬರುತ್ತಿರಬಹುದು.

ಬೇಸಿಗೆಗೇ ಸೇರಿದ ಎರಡು ಕಾರಣಗಳಿವೆ. ಮೊದಲನೆಯದು ಒಣಗಿದ ಅರ್ಥ್ ಪಿಟ್, ಅಂದರೆ ಅರ್ಥಿಂಗ್ ವೈರ್ ನೆಲಕ್ಕೆ ಸೇರುವ ಗುಂಡಿ. ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ ಅರ್ಥಿಂಗ್ ಕೆಲಸ ಮಾಡುತ್ತದೆ. ಪುಣೆಯ ಕಲ್ಲುನೆಲದಲ್ಲಿ, ಗೋವಾದ ಜಂಬಿಟ್ಟಿಗೆ ಮಣ್ಣಿನಲ್ಲಿ ಮೇ ತಿಂಗಳಿಗೆ ಅದು ಬತ್ತಿರುತ್ತದೆ. ಬಿಲ್ಡಿಂಗಿನ ಅರ್ಥ್ ಪಿಟ್‌ಗೆ ವಾರಕ್ಕೊಮ್ಮೆ ನೀರು ಹಾಕಲು ಸೊಸೈಟಿಗೆ ಹೇಳಿ. ಎರಡನೆಯದು ಕೂಲರ್. ಮುಂಬೈನ ಸೆಕೆಯಲ್ಲಿ ಅದರಿಂದ ಹೆಚ್ಚು ಪ್ರಯೋಜನ ಇಲ್ಲ, ಪುಣೆಯ ಒಣಗಾಳಿಯಲ್ಲಿ ಮನೆಮನೆಯಲ್ಲೂ ಇದೆ. ತಗಡಿನ ಮೈ, ಒಳಗೆ ನೀರು, ಎಷ್ಟೋ ಲೋಕಲ್ ಕೂಲರಿಗೆ ಎರಡೇ ಪಿನ್. ಮೂರು ಪಿನ್ನಿನ ಪ್ಲಗ್, ಮೂರು ಎಳೆಯ ವೈರ್ ಹಾಕಿಸಿ, ಹಸಿರು ಎಳೆ ಕೂಲರಿನ ತಗಡಿಗೆ ಸೇರಿರಬೇಕು. ನೀರು ತುಂಬುವ ಮೊದಲು ಪ್ಲಗ್ ಕೀಳಿ. ಬಕೆಟ್ ಹಿಡಿದ ಕೈಯಲ್ಲೇ ಸ್ವಿಚ್ ಮುಟ್ಟಬೇಡಿ.

ಅರ್ಥಿಂಗ್ ಇಲ್ಲವೆಂದು ಅರ್ಥ್ ವೈರನ್ನು ನ್ಯೂಟ್ರಲಿಗೋ ನೀರಿನ ಪೈಪಿಗೋ ಕಟ್ಟಿಕೊಡುವ ವೈರ್‌ಮನ್‌ಗಳಿದ್ದಾರೆ. ಮಾಡಿಸಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಸಾಮಾನಿನ ಮೈಗೇ 230 ವೋಲ್ಟ್ ಬರುತ್ತದೆ. ಪೈಪಿಗೆ ಕಟ್ಟಿದರೆ ಕೆಳಗಿನ ಮನೆಯವರ ನಲ್ಲಿಗೆ ಬರುತ್ತದೆ.

ಸುಟ್ಟ ವಾಸನೆ, ಬಿಸಿ ಪ್ಲಗ್, ಚಟಚಟ ಸದ್ದು

ಕೆಲವು ಬಗೆಯ ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ ಕಾದಾಗ ಬರುವ ವಾಸನೆ ಥೇಟ್ ಮೀನಿನ ವಾಸನೆ. ನಮ್ಮ ಬಿಲ್ಡಿಂಗ್‌ಗಳಲ್ಲಿ ಅದು ಪಕ್ಕದ ಮನೆಯ ಬಂಗಡೆ ಎಂದು ತಿಳಿದು ಸುಮ್ನೆ ಇರುವುದು ಸಹಜ. ಅಡುಗೆಯ ಹೊತ್ತಲ್ಲದ ಹೊತ್ತಿನಲ್ಲಿ, ಎಸಿ ಅಥವಾ ಗೀಸರ್ ಓಡುವಾಗ ಆ ವಾಸನೆ ಬಂದರೆ ಬೋರ್ಡುಗಳ ಹತ್ತಿರ ಹೋಗಿ ಮೂಸಿ.

ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗ ಹಿಡಿದು ಎಳೆಯಿರಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಮೊದಲು ಎಂಸಿಬಿ ಇಳಿಸಿ, ತಣ್ಣಗಾಗಲು ಬಿಡಿ. ಈಗ ಪಿನ್ನುಗಳನ್ನು ನೋಡಿ. ಸರಿಯಾದ ಪಿನ್ ಹೊಳೆಯುತ್ತದೆ. ಒಂದೇ ಪಿನ್ ಕಂದು, ಕಪ್ಪಾಗಿದ್ದು, ಅದರ ಬುಡದ ಪ್ಲಾಸ್ಟಿಕ್ ಉಬ್ಬಿದ್ದರೆ ಸಾಕೆಟ್ಟಿನ ಆ ತೂತಿನ ಹಿಡಿತ ಸಡಿಲಾಗಿದೆ. ಹಿಡಿತ ಸಡಿಲಾದ ಜಾಗದಲ್ಲಿ ಬಿಸಿ ಹುಟ್ಟುತ್ತದೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ, ಹಾಗಾಗಿ ಟಿವಿಗೆ ನಡೆಯುವ ಸಾಕೆಟ್ ಗೀಸರಿಗೆ ಸುಡುತ್ತದೆ. ಇಲ್ಲಿ ಎಂಸಿಬಿ ಬೀಳುವುದಿಲ್ಲ ಎಂಬುದೇ ದೊಡ್ಡ ಅಪಾಯ. ಕರೆಂಟ್ ಜಾಸ್ತಿ ಆಗಿಲ್ಲ, ಜಾಗ ಮಾತ್ರ ಕಾದಿದೆ. ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಮೂಗು, ಕಣ್ಣು, ಕೈ ಬಿಟ್ಟರೆ ಬೇರೆ ಕಾವಲಿಲ್ಲ.

ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಸುಟ್ಟ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡ್ ಇರುವುದು ಚಾರ್ಜರ್, ಟೇಬಲ್ ಫ್ಯಾನ್, ಟಿವಿಗೆ. ಎಸಿ, ಗೀಸರ್, ಇಸ್ತ್ರಿ, ಇಂಡಕ್ಷನ್ ಒಲೆ ಅದಕ್ಕೆ ಬೇಡ. ವೈರನ್ನು ಸುರುಳಿ ಸುತ್ತಿಯೋ ಹಾಸಿಗೆಯ ಕೆಳಗೆ ಹಾಕಿಯೋ ಬಳಸಿದರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಬಾಗಿಲ ಬಳಿ, ಎಲ್ಲರೂ ಮಲಗಿರುವಾಗ ಚಾರ್ಜ್‌ಗೆ ಇಡಬೇಡಿ. ಬೆಂಕಿ ಹತ್ತಿದರೆ ಹೊರಬರುವ ದಾರಿ ಅದೇ.

ಗೋಡೆಯಿಂದಲೇ ವಾಸನೆ ಬಂದರೆ, ಬೋರ್ಡ್ ಒಳಗೆ ಚಟಚಟ ಸದ್ದು ನಿಲ್ಲದಿದ್ದರೆ, ಮೇನ್ ಆರಿಸಿ. ರಾತ್ರಿ ಸೆಕೆಯಲ್ಲಿ ಕಳೆದರೂ ಪರವಾಗಿಲ್ಲ.

ಲೈಟ್ ಒಮ್ಮೆ ಮಂಕು, ಒಮ್ಮೆ ಪ್ರಖರ

ಎಸಿ ಶುರುವಾಗುವಾಗ ಒಂದು ಕ್ಷಣ ಲೈಟ್ ಮಿನುಗಿದರೆ ಗಾಬರಿ ಬೇಡ. ಸಂಜೆ ಇಡೀ ಬಿಲ್ಡಿಂಗಿನಲ್ಲಿ ಮಂಕಾದರೆ ವೋಲ್ಟೇಜ್ ಕಡಿಮೆ, ಕರೆಂಟ್ ಕಂಪನಿಗೆ ದೂರು ಕೊಡಿ, ಫ್ರಿಜ್, ಎಸಿ ಅಲ್ಲಿಯವರೆಗೆ ಆರಿಸಿ.

ಆದರೆ ಕೆಲವು ಲೈಟ್ ಎಂದಿಗಿಂತ ಜಾಸ್ತಿ ಪ್ರಖರವಾಗಿ, ಇನ್ನು ಕೆಲವು ಮಂಕಾಗಿ, ಫ್ಯಾನ್ ವಿಪರೀತ ಜೋರಾಗಿ ತಿರುಗಿದರೆ ಕಾಯಬೇಡಿ. ನ್ಯೂಟ್ರಲ್ ಸಡಿಲಾಗಿದೆ ಅಥವಾ ಕಡಿದಿದೆ. ಬಿಲ್ಡಿಂಗಿಗೆ ಬರುವುದು ಮೂರು ಫೇಸ್, ಎರಡು ಫೇಸಿನ ನಡುವೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಹೋದರೆ ಅದು ಮನೆಮನೆಗಳ ನಡುವೆ ಹಂಚಿಹೋಗುತ್ತದೆ, ನಿಮ್ಮ ಪಾಲಿಗೆ 300 ಬರಬಹುದು. ಮೇನ್ ಆರಿಸಿ, ಅಕ್ಕಪಕ್ಕದ ಬಾಗಿಲು ತಟ್ಟಿ ಅವರಿಗೂ ಆರಿಸಲು ಹೇಳಿ, ಆಮೇಲೆ ಫೋನ್ ಮಾಡಿ. ಮೀಟರ್ ರೂಮಿಗೆ ನೀವು ಕೈ ಹಾಕಬೇಡಿ.

ಫ್ಯಾನ್ ನಿಧಾನ

ಟ್ಯೂಬ್‌ಲೈಟ್ ಚೆನ್ನಾಗಿದ್ದು ಒಂದೇ ಫ್ಯಾನ್ ನಿಧಾನವಾದರೆ ಬಹಳ ಸಲ ಕೆಪಾಸಿಟರ್ ಸೋತಿರುತ್ತದೆ. ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ 2.5 ಅಥವಾ 3.15 ಮೈಕ್ರೋಫ್ಯಾರಡ್, ಹಳೆಯದರ ಮೇಲೆ ಬರೆದಿರುವುದನ್ನೇ ತರಿಸಿ. ಅಗ್ಗದ ರಿಪೇರಿ. ಮೋಟರಿನ ಮೈ ತುಂಬಾ ಕಾದು ವಾಸನೆ ಬಂದರೆ ಅದು ಕೆಪಾಸಿಟರ್ ಮಾತಲ್ಲ, ಆರಿಸಿಬಿಡಿ.

ಮಳೆಗೆ ಮುಂಚಿನ ಗುಡುಗು, ಇನ್ವರ್ಟರ್

ಮೇ ಕೊನೆಗೆ ಪುಣೆಯಲ್ಲಿ, ಗೋವಾದಲ್ಲಿ ಸಂಜೆ ಗುಡುಗು ಸಿಡಿಲು ಶುರು. ದೂರದಲ್ಲಿ ಗುಡುಗುವಾಗಲೇ ಟಿವಿ, ರೂಟರ್, ಎಸಿಯ ಪ್ಲಗ್ ಕೀಳಿ. ತಲೆಯ ಮೇಲೆ ಬಂದ ಮೇಲೆ ಪ್ಲಗ್ ಹತ್ತಿರ ಹೋಗಬೇಡಿ. ಮೊದಲ ಮಳೆಗೆ ಗೋಡೆ ಒದ್ದೆಯಾಗಿ ಸ್ವಿಚ್‌ಬೋರ್ಡ್ ಬೆವರಿದಂತೆ ಕಂಡರೆ ಆ ಲೈನಿನ ಎಂಸಿಬಿ ಇಳಿಸಿ, ಗೋಡೆ ಒಣಗಿದ ಮೇಲೆ ವೈರ್‌ಮನ್ ಪರೀಕ್ಷಿಸಿ ಹೇಳಿದ ನಂತರವೇ ಎತ್ತಿ.

ಇನ್ವರ್ಟರ್ ಬ್ಯಾಟರಿಯಲ್ಲಿ ಬೇಸಿಗೆಗೆ ನೀರು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ನೀರನ್ನೇ ಹಾಕಿ, ಗುರುತಿಗಿಂತ ಮೇಲೆ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ದೇವರ ದೀಪ, ಊದುಬತ್ತಿ ಅದರ ಹತ್ತಿರ ಇಡಬೇಡಿ. ಮೇನ್ ಆರಿಸಿದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇರುತ್ತದೆ. ಕೆಲಸಕ್ಕೆ ಬಂದವರಿಗೆ ಇದನ್ನು ಹೇಳಲೇಬೇಕು.

ಶಾಕ್ ಹೊಡೆದರೆ, ಬೆಂಕಿ ಹತ್ತಿದರೆ

ಅಂಟಿಕೊಂಡವರನ್ನು ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಅದು ಆಗದಿದ್ದರೆ ಒಣಗಿದ ಮರದ ಕೋಲಿನಿಂದ, ಒಣಗಿದ ಪ್ಲಾಸ್ಟಿಕ್ ಕುರ್ಚಿಯಿಂದ ದೂಡಿ. ಪ್ರಜ್ಞೆ ಇಲ್ಲದೆ ಉಸಿರಾಡದಿದ್ದರೆ 108ಕ್ಕೆ ಫೋನ್ ಮಾಡಿಸಿ, ಕೂಡಲೇ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರಿ. ಎದ್ದು ಕೂತು “ಏನಾಗಿಲ್ಲ” ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೃದಯದ ಬಡಿತ ಆಮೇಲೂ ತಪ್ಪಬಹುದು.

ಕರೆಂಟಿನ ಬೆಂಕಿಗೆ ನೀರು ಎರಚಬೇಡಿ. ಮೇನ್ ಆರಿಸಿ, ಬೆಂಕಿ ಆರಿಸುವ ಎಬಿಸಿ ಪುಡಿಯ ಸಿಲಿಂಡರ್ ಇದ್ದರೆ ಬಳಸಿ. ಬೆಂಕಿ ಬೋರ್ಡ್ ದಾಟಿ ಪರದೆಗೆ ಹತ್ತಿದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು, ಮೆಟ್ಟಿಲಲ್ಲೇ ಇಳಿದು, 101ಕ್ಕೆ ಫೋನ್ ಮಾಡಿ.

ಯಾರನ್ನು ಕರೆಯಬೇಕು

ಮೀಟರ್‌ವರೆಗಿನದು ಕಂಪನಿಯ ಜವಾಬ್ದಾರಿ, ಮೀಟರ್ ದಾಟಿದ ಮೇಲೆ ನಮ್ಮದು. ಮುಂಬೈ ಶಹರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ ಪವರ್, ಭಾಂಡುಪ್, ಮುಲುಂಡ್, ಠಾಣೆ, ಡೊಂಬಿವಿಲಿ, ನವಿ ಮುಂಬೈ ಮತ್ತು ಪುಣೆಯಲ್ಲಿ ಮಹಾವಿತರಣ, ಗೋವಾದಲ್ಲಿ ಸರ್ಕಾರದ ವಿದ್ಯುತ್ ಇಲಾಖೆ. ದೂರಿನ ನಂಬರ್ ಬಿಲ್ಲಿನ ಮೇಲೇ ಇದೆ, ಅದನ್ನು ಡಿಬಿ ಬಾಕ್ಸಿನ ಬಾಗಿಲಿಗೆ ಅಂಟಿಸಿಡಿ. ಮಹಾವಿತರಣದ್ದು 1912.

ಮನೆಯೊಳಗಿನ ಕೆಲಸಕ್ಕೆ ಲೈಸೆನ್ಸ್ ಇರುವ ವೈರ್‌ಮನ್‌ನೇ ಕರೆಯಿರಿ. ಹಳೆ ಬಿಲ್ಡಿಂಗ್ ಆದರೆ ಮೆಗರ್ ಎಂಬ ಮೀಟರ್ ಹಾಕಿ ವೈರಿನ ಇನ್ಸುಲೇಷನ್ (ಹೊರಗಿನ ಹೊದಿಕೆ) ಪರೀಕ್ಷಿಸಲು ಹೇಳಿ, ಅರ್ಥಿಂಗ್ ಎಷ್ಟಿದೆ ಅಳೆಯಲು ಹೇಳಿ. ಮೀಟರ್ ತರದೆ ಟೆಸ್ಟರ್ ಒಂದನ್ನೇ ಹಿಡಿದು ಬಂದವರಿಂದ ಈ ಕೆಲಸ ಆಗುವುದಿಲ್ಲ. ಹೊಸ ವೈರ್ ಎಳೆಸಿದರೆ ಅದರ ಮೇಲೆ ಐಎಸ್ಐ ಗುರುತು, ಐಎಸ್ 694 ಎಂಬ ಅಚ್ಚು ಇದೆಯೇ ನೀವೇ ಓದಿ. ಕೆಲಸ ಮುಗಿದ ಮೇಲೆ ಅವರ ಎದುರಿಗೇ ಟಿ ಬಟನ್ ಒತ್ತಿ, ಎಸಿ ಮತ್ತು ಗೀಸರ್ ಅರ್ಧ ಗಂಟೆ ನಡೆಸಿ, ಸ್ವಿಚ್ ಆರಿಸಿ ಪ್ಲಗ್ ಬಿಸಿಯಾಗಿದೆಯೇ ನೋಡಿ. ದುಡ್ಡು ಆಮೇಲೆ ಕೊಡಿ.